ರಿಂಗ್ ರೋಡ್ ಆಚೆ ಮನೆ ಮಾಡಿದವರು ಅನುಭವ ಹೇಳಿ

ಹೆಬ್ಬಾಳ್ ಶಿಫ್ಟ್:
ಎಲ್ಲರಿಗೂ ನಮಸ್ಕಾರ. ನನಗೆ ಮೈಸೂರಿನ ಹೆಬ್ಬಾಳ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಮನೆಯವರು ಸರಸ್ವತಿಪುರಂ ಕಡೆ ಟೀಚರ್. ಮಗಳಿಗೆ ನಾಲ್ಕು ವರ್ಷ. ಈಗ ಕುವೆಂಪುನಗರದಲ್ಲಿ ಬಾಡಿಗೆಗೆ ಇದ್ದೇವೆ. ಬೋಗಾದಿ ರಿಂಗ್ ರೋಡ್ ದಾಟಿ ಗದ್ದಿಗೆ ರಸ್ತೆಯ ಹೊಸ ಬಡಾವಣೆಯೊಂದರಲ್ಲಿ 30×40 ಸೈಟಿನ ಮನೆ ನೋಡಿದ್ದೇವೆ. 85 ಲಕ್ಷ ಹೇಳುತ್ತಿದ್ದಾರೆ. ಅದೇ ದುಡ್ಡಿಗೆ ಕುವೆಂಪುನಗರದಲ್ಲಿ 20×30 ಹಳೇ ಮನೆ ಸಿಗಬಹುದು, ಅದೂ ಚೌಕಾಸಿ ಮಾಡಿದರೆ. ಸ್ಕೂಲ್ ವ್ಯಾನ್ ಅಷ್ಟು ದೂರ ಬರುತ್ತದಾ? ಸಂಜೆ ಹೆಂಗಸರು ಒಬ್ಬರೇ ಓಡಾಡಬಹುದಾ? ಅಲ್ಲಿ ಇರುವವರು ದಯವಿಟ್ಟು ಹೇಳಿ.

ಗಾಳಿ ಬೆಳಕು:
ಕಣ್ಣು ಮುಚ್ಚಿ ಬನ್ನಿ ಸಾರ್. ನಾನು ಅದೇ ರಸ್ತೆಯವನು. ಹುಟ್ಟಿ ಬೆಳೆದಿದ್ದು ಒಂಟಿಕೊಪ್ಪಲು. ಅಲ್ಲಿ ಸ್ವಂತ ಮನೆ ಮುಂದೆ ಸ್ಕೂಟರ್ ನಿಲ್ಲಿಸಲೂ ಪಕ್ಕದವರ ಮುಖ ನೋಡಬೇಕಿತ್ತು. ಇಲ್ಲಿ ಎರಡು ಕಾರು ನಿಲ್ಲಿಸಿ ಮಿಕ್ಕ ಜಾಗದಲ್ಲಿ ಕರಿಬೇವು, ನಿಂಬೆ ಹಾಕಿದ್ದೇನೆ. ಏಪ್ರಿಲ್ ತಿಂಗಳೊಂದು ಬಿಟ್ಟರೆ ಫ್ಯಾನ್ ಬೇಕಿಲ್ಲ.

ನೀರಿನ ಲೆಕ್ಕ ಮಾತ್ರ ಕೇಳಿಕೊಳ್ಳಿ, ಯಾರೂ ಬಿಡಿಸಿ ಹೇಳುವುದಿಲ್ಲ. ಮೊದಲನೇ ಬೋರು 460 ಅಡಿ. ಬರೀ ಧೂಳು. 300 ಅಡಿ ತನಕ ಅಡಿಗೆ 110 ರೂಪಾಯಿ, ಅಲ್ಲಿಂದ ಪ್ರತಿ ನೂರು ಅಡಿಗೂ ಹತ್ತು ರೂಪಾಯಿ ಏರಿಸುತ್ತಾರೆ. ಇಳಿಸಿದ ಕೇಸಿಂಗ್ ಪೈಪ್ ವಾಪಸ್ ಬರಲಿಲ್ಲ, 25 ಸಾವಿರ ಅಲ್ಲೇ ಮಣ್ಣಾಯಿತು. ಎರಡನೆಯದು ಈಶಾನ್ಯ ಮೂಲೆಯಲ್ಲಿ, 710 ಅಡಿಗೆ ಒಂದೂವರೆ ಇಂಚು ನೀರು ಸಿಕ್ಕಿತು. ಮೋಟಾರು, ಕೇಬಲ್ಲು, ಪ್ಯಾನೆಲ್ಲು ಎಲ್ಲ ಸೇರಿ ಎರಡಕ್ಕೂ 3 ಲಕ್ಷ 20 ಸಾವಿರ. ನೀರು ಗಡಸು. ಗೀಸರ್ ಕಾಯಿಲ್ ಬಿಳಿ ಸುಣ್ಣ ಹಿಡಿದು ಹೋಯಿತು. ಸಾಫ್ಟ್‌ನರ್ ಹಾಕಿಸಲು 42 ಸಾವಿರ, ಅದಕ್ಕೆ ಉಪ್ಪಿನ ಖರ್ಚು ಬೇರೆ.

ಆದರೆ ಈಗ ನೋಡಿ, ಯಾರ ಹಂಗೂ ಇಲ್ಲ. ನೀರು ನಂದು, ಮಹಡಿ ಮೇಲಿನ ಸೋಲಾರ್ ನಂದು. ಬಡಾವಣೆ ಸಂಘ ಅಂತ ಒಂದಿದೆ, ತಿಂಗಳಿಗೆ 1,500 ಕೇಳುತ್ತದೆ. ನಾನು ಕೊಡುವುದಿಲ್ಲ. ಅವರ ಟ್ಯಾಂಕಿನ ಒಂದು ತೊಟ್ಟೂ ಮುಟ್ಟದವನು ಯಾಕೆ ಕೊಡಬೇಕು?

ಐದನೇ ಮೇನ್:
710 ಅಡಿ! ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ವಾಣಿ ವಿಲಾಸ ನೀರು ಸರಬರಾಜು 1896ರಲ್ಲಿ ಶುರುವಾದ ಊರು ಇದು. ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಕಬಿನಿ. ಅಂಥ ಊರಿನ ಅಂಚಿಗೆ ಹೋಗಿ ಬಂಡೆ ಕೊರೆಸಿಕೊಂಡು ಅದನ್ನು ಸ್ವಾತಂತ್ರ್ಯ ಅನ್ನುತ್ತಾರೆ.

ನಾವು ಸರಸ್ವತಿಪುರಂ ಬಿಡಲಿಲ್ಲ. ಮನೆ ನಮ್ಮ ಮಾವನವರು ಕಟ್ಟಿಸಿದ್ದು. ಖರ್ಚಿಲ್ಲ ಅಂತ ಹೇಳುವುದಿಲ್ಲ. ಹಳೇ ವೈರಿಂಗ್ ಕಿತ್ತು ಹೊಸದು ಹಾಕಿಸಿದ್ದಕ್ಕೆ 1 ಲಕ್ಷ 65 ಸಾವಿರ. ಮೋಲ್ಡ್ ಸೋರುತ್ತಿತ್ತು, ಮೇಲೆ ಕೆಮಿಕಲ್ ಹೊಡೆಸಿದೆವು, 48 ಸಾವಿರ. ಮುಂದಿನ ಮಳೆಗೆ ಮತ್ತೆ ಸೋರಿತು. ಕೊನೆಗೆ ತಂಡೂರು ಕಲ್ಲಿನ ಚೂರು ಹಾಸಿಸಿದ ಮೇಲೆ ನಿಂತಿತು, ಅದಕ್ಕೆ 70. ತೆಂಗಿನ ಬೇರು ಒಳಚರಂಡಿ ಪೈಪಿಗೆ ನುಗ್ಗಿತ್ತು, ಅಗೆಸಿ ಬದಲಾಯಿಸಲು 22. ಪಕ್ಕದ ಮನೆ ಪಿಜಿ ಆಗಿದೆ, ರಾತ್ರಿ ಹನ್ನೊಂದಕ್ಕೂ ಬೈಕು. ಇಷ್ಟೆಲ್ಲ ಇದ್ದರೂ ಅತ್ತೆಗೆ ಪಾರ್ಶ್ವವಾಯು ಹೊಡೆದಾಗ ಆಟೋದಲ್ಲೇ ಹತ್ತು ನಿಮಿಷದೊಳಗೆ ಆಸ್ಪತ್ರೆ ಸೇರಿದೆವು. ಈಗ ಅವರು ಕೋಲು ಹಿಡಿದು ಕುಕ್ಕರಹಳ್ಳಿ ಕೆರೆ ತನಕ ಹೋಗಿ ಬರುತ್ತಾರೆ. ಗದ್ದಿಗೆ ರಸ್ತೆಯಲ್ಲಿ ಆ ಹೊತ್ತಿಗೆ ಆಟೋ ಸಿಗುತ್ತದಾ?

ಇನ್ನೊಂದು ಮಾತು. ಇವತ್ತು ಯಾರೂ 85 ಲಕ್ಷಕ್ಕೆ ಕಮ್ಮಿ ಬಾಯಿ ಬಿಡುವುದಿಲ್ಲ ಅಂದರೆ ಬೆಂಗಳೂರಿನಿಂದ, ಅಕ್ಕಪಕ್ಕದ ಊರಿನಿಂದ ದುಡ್ಡು ತಂದು ಸುರಿಯುವವರೇ ಕಾರಣ. ಮೈಸೂರಿನವರಿಗೇ ಮೈಸೂರಿನಲ್ಲಿ ಜಾಗ ಇಲ್ಲ.

ಇಲವಾಲ ಕಡೆಯವಳು:
ಅಕ್ಕಾ, ಆ “ಅಕ್ಕಪಕ್ಕದ ಊರು” ಅಂದರೆ ನಾವೇ. ಮಂಡ್ಯದವರು. ದುಡ್ಡು ಸುರಿಯಲು ಬಂದಿಲ್ಲ. ಅಪ್ಪ ಕೊಟ್ಟ ಗದ್ದೆ ಪಾಲು, ಮೇಲೆ ಇಪ್ಪತ್ತು ವರ್ಷದ ಸಾಲ. ಕಬ್ಬು ಬೆಳೆದವರ ಮಕ್ಕಳು ಮೈಸೂರಿನಲ್ಲಿ ಮನೆ ಮಾಡಬಾರದಾ? ನಿಮ್ಮ ಮಾವನವರೂ ಯಾವುದೋ ಊರಿನಿಂದಲೇ ಬಂದಿರಬೇಕಲ್ವಾ?

ಪೋಸ್ಟ್ ಹಾಕಿದ ಅಣ್ಣಾ, ಸಂಜೆ ಓಡಾಟದ ಬಗ್ಗೆ ಕೇಳಿದ್ದೀರಿ. ನಮ್ಮದು ಹುಣಸೂರು ರಸ್ತೆ, ಇಲವಾಲದ ಹತ್ತಿರ. 64 ಸೈಟು, 9 ಮನೆ. ಮಿಕ್ಕಿದ್ದೆಲ್ಲ ಪಾರ್ಥೇನಿಯಂ. ಸೈಟಿನ ಮಾಲೀಕರು ಎಲ್ಲೋ ಇರುತ್ತಾರೆ, ರೇಟು ಏರಲಿ ಅಂತ ಕಾಯುತ್ತಿರುತ್ತಾರೆ. ಅವರ ಗಿಡ ಕೀಳಿಸುವುದು ನಾವು. ಜೆಸಿಬಿ ಗಂಟೆಗೆ 1,200, ಮಳೆಗಾಲದಲ್ಲಿ ಮತ್ತೆ ಅಷ್ಟೇ ಎತ್ತರ ಬೆಳೆಯುತ್ತದೆ. ಹಾವು ನೋಡಿ ನೋಡಿ ಭಯವೇ ಹೋಗಿದೆ. ಚಿರತೆ ಭಯ ಹೋಗಿಲ್ಲ. 2024ರ ಡಿಸೆಂಬರ್ 31ಕ್ಕೆ ಇನ್ಫೋಸಿಸ್ ಕ್ಯಾಂಪಸ್ಸಿನೊಳಗೇ ಚಿರತೆ ಕಾಣಿಸಿಕೊಂಡು ಅಲ್ಲಿಯವರಿಗೆಲ್ಲ ಮನೆಯಿಂದ ಕೆಲಸ ಮಾಡಿ ಅಂದರಲ್ಲ, ಆವಾಗಿನಿಂದ ಕತ್ತಲಾದ ಮೇಲೆ ಮಗನನ್ನು ಗೇಟಿನಾಚೆ ಬಿಟ್ಟಿಲ್ಲ. ಅಷ್ಟು ಕಾವಲು ಇರುವ ಕಡೆಯೇ ನುಗ್ಗಿದ ಪ್ರಾಣಿಗೆ ನಮ್ಮ ಮುರಿದ ಕಾಂಪೌಂಡು ಲೆಕ್ಕವಾ?

ಬಸ್ಸು ಮುಖ್ಯ ರಸ್ತೆಗೆ ಬರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಟಿಕೆಟ್ ಖರ್ಚೂ ಇಲ್ಲ. ಆದರೆ ಸ್ಟಾಪಿನಿಂದ ಮನೆಗೆ ಒಂದೂಕಾಲು ಕಿಲೋಮೀಟರ್, ಬೀದಿದೀಪ ಇರುವುದು ಅರ್ಧ ದೂರಕ್ಕೆ. ಕೊನೆಗೆ ಸೆಕೆಂಡ್ ಹ್ಯಾಂಡ್ ಸ್ಕೂಟಿ ತೆಗೆದುಕೊಂಡೆ, 52 ಸಾವಿರ. ಉಚಿತ ಬಸ್ಸಿನ ಉಳಿತಾಯ ಅಲ್ಲಿಗೆ ಹೋಯಿತು. ನಮ್ಮ ಯಜಮಾನರಿಗೆ ಬೆಂಗಳೂರಿನಲ್ಲಿ ಕೆಲಸ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆ ಆದಾಗ ಒಂದೂವರೆ ಗಂಟೆ ಅಷ್ಟೇ ಕಣೇ ಅಂದರು. ಆ ಒಂದೂವರೆ ಗಂಟೆ ಕೆಂಗೇರಿ ತನಕ. ಮನೆಯಿಂದ ರಿಂಗ್ ರೋಡ್ ಸುತ್ತಿ ಆ ರಸ್ತೆ ಸೇರುವುದು, ಕೆಂಗೇರಿಯಿಂದ ಆಫೀಸು ಮುಟ್ಟುವುದು ಲೆಕ್ಕಕ್ಕೇ ಬರಲಿಲ್ಲ. ಟೋಲು, ಡೀಸೆಲ್ಲು ನೋಡಿ ಈಗ ಚಾಮುಂಡಿ ಎಕ್ಸ್‌ಪ್ರೆಸ್ ಪಾಸು. ವಾರದಲ್ಲಿ ಮಗ ಅಪ್ಪನನ್ನು ಎದ್ದಿರುವಾಗ ನೋಡುವುದು ಭಾನುವಾರ.

ಐದನೇ ಮೇನ್:
ತಂಗಿ, ಮಂಡ್ಯ ಅಂತ ನಾನು ಬರೆದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರೆ ನಾನೇನು ಮಾಡಲಿ? ನಮ್ಮ ಮಾವ ಬಂದಿದ್ದು ಚಾಮರಾಜನಗರದಿಂದ. ಆಗ ಅದೂ ಮೈಸೂರು ಜಿಲ್ಲೆಯೇ.

ಇಲವಾಲ ಕಡೆಯವಳು:
ಮಂಡ್ಯವೂ 1939ರ ತನಕ ಮೈಸೂರು ಜಿಲ್ಲೆಯೇ ಆಗಿತ್ತು ಅಕ್ಕಾ. ಲೆಕ್ಕ ಸಮ ಆಯಿತು ಬಿಡಿ.

ಹೆಬ್ಬಾಳ್ ಶಿಫ್ಟ್:
ಎಲ್ಲರಿಗೂ ಥ್ಯಾಂಕ್ಸ್. ಸ್ಕೂಲ್ ವ್ಯಾನ್ ಬಗ್ಗೆ ಯಾರಿಗಾದರೂ…

ನಿವೃತ್ತ ಮೇಷ್ಟ್ರು:
ವ್ಯಾನು ಆಮೇಲೆ. ಮೊದಲು ಕಾಗದ ನೋಡಿ. ಇಲ್ಲಿ ಒಬ್ಬರೂ ಕಾಗದದ ಮಾತೇ ಎತ್ತಲಿಲ್ಲ, ಆಶ್ಚರ್ಯ.

1903ರಲ್ಲಿ ಪ್ಲೇಗಿನ ಕಾಲಕ್ಕೆ ನಮ್ಮ ಊರಿನಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಮಾಡಿದರು. ಊರು ಬೆಳೆಯುವುದಕ್ಕೂ ಒಂದು ನಕ್ಷೆ ಬೇಕು ಅನ್ನುವ ಬುದ್ಧಿ ಆಗಲೇ ಇತ್ತು. ಈಗ ಮೊದಲು ಆರ್ಚು, ಆಮೇಲೆ ಸೈಟು, ಕೊನೆಗೆ ಚರಂಡಿ. ನಾನು ಟಿ. ನರಸೀಪುರ ರಸ್ತೆಯಲ್ಲಿ ಕೊಂಡಿದ್ದು ಕಂದಾಯ ನಿವೇಶನ, ಅಂದರೆ ಭೂ ಪರಿವರ್ತನೆ ಆಗದ ಹೊಲದಲ್ಲಿ ಮಾಡಿದ ಸೈಟು. ಮಾರಿದವನು ಇ-ಸ್ವತ್ತು (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ಇದೆ ಅಂದ. ಇತ್ತು, ನಮೂನೆ 11ಬಿ, ಅನಧಿಕೃತ ಆಸ್ತಿಗೆ ಕೊಡುವುದು. ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ನಕ್ಷೆಗೆ ಅನುಮತಿ ಸಿಗುವುದಿಲ್ಲ. ಕ್ರಮಬದ್ಧ ಆಸ್ತಿಯ ನಮೂನೆ 9 ಮತ್ತು 11ಎ ಇದ್ದವರ ಕಥೆಯೇ ಬೇರೆ. ಬ್ಯಾಂಕಿನಲ್ಲಿ ಸಾಲಕ್ಕೆ ಹಾಕಿದೆ. ವಕೀಲರ ಅಭಿಪ್ರಾಯಕ್ಕೆ 4,500, ಮೌಲ್ಯಮಾಪನಕ್ಕೆ 3,500, ಅರ್ಜಿ ಶುಲ್ಕ 5,900 ತೆಗೆದುಕೊಂಡು ಆಮೇಲೆ ಇಲ್ಲ ಅಂದರು. ಪಿಎಫ್ ಪೂರ್ತಿ ತೆಗೆದು ಕಟ್ಟಿಸಿದೆ. ಮಗಳ ಮದುವೆಗೆ ಒಡವೆ ಮೇಲೆ ಸಾಲ. ನಗರ ಸ್ಥಳೀಯ ಸಂಸ್ಥೆಗಳಲ್ಲಿ 2025ರಲ್ಲಿ ಇಂಥ ಅನಧಿಕೃತ ಆಸ್ತಿಗೂ ಬಿ ಖಾತಾ ಕೊಡಲು ಶುರು ಮಾಡಿದಾಗ ನಮ್ಮ ಅಳಿಯ ಸಿಹಿ ತಂದ. ನನ್ನ ಸೈಟು ಇರುವುದು ಗ್ರಾಮ ಪಂಚಾಯಿತಿಯಲ್ಲಪ್ಪ, ಸಿಹಿ ನೀನೇ ತಿನ್ನು ಅಂದೆ.

ಭೂ ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ಋಣಭಾರ ಪತ್ರ, ಪಾರ್ಕು ಮತ್ತು ರಸ್ತೆ ಬಿಟ್ಟುಕೊಟ್ಟ ರಿಲಿಂಕ್ವಿಶ್‌ಮೆಂಟ್ ಡೀಡ್, ಸೈಟು ಬಿಡುಗಡೆಯ ಪತ್ರ. ಇಷ್ಟೂ ಕೈಗೆ ಬರದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ಜೆರಾಕ್ಸ್ ತೋರಿಸಿ ಮೂಲ ಬ್ಯಾಂಕಿನಲ್ಲಿದೆ ಅಂದರೆ ಎದ್ದು ಬನ್ನಿ.

ಗಾಳಿ ಬೆಳಕು:
ಮೇಷ್ಟ್ರೇ, ಅವರು ಕೇಳಿದ್ದು ಕಟ್ಟಿದ ಮನೆ, ಅನುಮೋದಿತ ಬಡಾವಣೆ. ನಿಮ್ಮ ನರಸೀಪುರ ರಸ್ತೆಯ ಗೋಳು ಇಲ್ಲಿ ಯಾಕೆ? ಸುಮ್ನೆ ಹೆದರಿಸಬೇಡಿ. ಹಳೇ ಉಂಡುವಾಡಿ ಕುಡಿಯುವ ನೀರಿನ ಯೋಜನೆ ಮುಗಿದರೆ ನಮ್ಮ ಕಡೆಗೂ ಕಾವೇರಿ ಬರುತ್ತದೆ. ಪೆರಿಫೆರಲ್ ರಿಂಗ್ ರೋಡ್, ಗ್ರೇಟರ್ ಮೈಸೂರು ಎಲ್ಲ ಆದರೆ ಈ 85 ಎಲ್ಲಿಗೆ ಹೋಗುತ್ತದೆ ನೋಡಿ.

ನಿವೃತ್ತ ಮೇಷ್ಟ್ರು:
“ಮುಗಿದರೆ”, “ಆದರೆ”. ಬ್ರೋಕರ್ ಕಮಿಷನ್ ಎಷ್ಟು ಪರ್ಸೆಂಟು ಸ್ವಾಮಿ ನಿಮಗೆ?

ಪಂಪ್‌ಹೌಸ್:
ಅನುಮೋದಿತ ಅಂದ ತಕ್ಷಣ ಮುಗಿಯಲಿಲ್ಲ. ಮೇಷ್ಟ್ರು ಹೇಳಿದ ಪಟ್ಟಿಯಲ್ಲಿ ಒಂದು ಬಿಟ್ಟಿದೆ. ಬಡಾವಣೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗಿದೆಯಾ? ಅದಾಗುವ ತನಕ ನೀರು, ದೀಪ, ಚರಂಡಿ, ಕಸ ಎಲ್ಲ ಅಭಿವೃದ್ಧಿ ಮಾಡಿದವರ ತಲೆ ಮೇಲೆ. ಅವರು ಕೊನೆ ಸೈಟು ಮಾರಿದ ಮೇಲೆ ಫೋನ್ ಎತ್ತುವುದಿಲ್ಲ. ಆಮೇಲೆ ಎಲ್ಲ ನಿವಾಸಿಗಳ ತಲೆ ಮೇಲೆ.

ನಾನು ಗದ್ದಿಗೆ ರಸ್ತೆಯಲ್ಲೇ ಒಂದು ಬಡಾವಣೆಯ ಖಜಾಂಚಿ. ಸಂಬಳ ಇಲ್ಲ, ಬೈಗುಳ ಉಂಟು. 112 ಸೈಟು, 38 ಮನೆ, ದುಡ್ಡು ಕೊಡುವವರು 22. ತಿಂಗಳಿಗೆ ಬರುವುದು 33,000. ಪಂಪ್‌ಹೌಸ್ ಕರೆಂಟು 14,000. ವಾಚ್‌ಮನ್ 12,000, ಅವನೇ ವಾಲ್ವ್ ತಿರುಗಿಸುವವನು, ಅವನು ಊರಿಗೆ ಹೋದ ದಿನ ನಾನು. ಬೀದಿದೀಪ 4,500. ಒಳಚರಂಡಿ ಪೈಪೇನೋ ಹಾಕಿದ್ದಾರೆ, ಅದು ಊರಿನ ಲೈನಿಗೆ ಸೇರಿಲ್ಲ. ಕೊನೆಯಲ್ಲಿ ಒಂದು ಶುದ್ಧೀಕರಣ ಘಟಕ, ಅದರ ಗಾಳಿ ಊದುವ ಬ್ಲೋವರ್ ಸುಟ್ಟಿದೆ. ಹೊಸದಕ್ಕೆ 1 ಲಕ್ಷ 80 ಸಾವಿರ ಕೊಟೇಶನ್ ಬಂದಿದೆ. ಅಲ್ಲಿಯವರೆಗೆ ಕೊಳಚೆ ಹೀರುವ ಸಕ್ಕಿಂಗ್ ಗಾಡಿ, ಲೋಡಿಗೆ 2,800, ತಿಂಗಳಿಗೆ ಮೂರು ಲೋಡ್. ಕೂಡಿ ನೋಡಿ, 38,900. ಮಿಕ್ಕ 5,900 ಎಲ್ಲಿಂದ ಬರುತ್ತದೆ? ಬೇಸಿಗೆಯಲ್ಲಿ ಬೋರು ಕೈಕೊಟ್ಟರೆ ಟ್ಯಾಂಕರ್ ಬೇರೆ, ಒಂದಕ್ಕೆ 750.

ಇದರ ಮಧ್ಯೆ ಕೆಲವು ಮಹಾಶಯರು ಸ್ವಂತ ಬೋರು ಹಾಕಿಸಿಕೊಂಡು ಯಾರ ಹಂಗೂ ಇಲ್ಲ ಅನ್ನುತ್ತಾರೆ. ಗಾಳಿ ಬೆಳಕು ಅವರೇ, ನೀರು ನಿಮ್ಮದು ಸರಿ. ಬಚ್ಚಲಿನಿಂದ ಹೋಗುವ ನೀರು ಯಾರ ಲೋಡಿನಲ್ಲಿ ಹೋಗುತ್ತದೆ? ನಿಮ್ಮದು ಮೂರನೇ ಕ್ರಾಸ್, ನಿಂಬೆ ಗಿಡ, ಹಸಿರು ಗೇಟು ಅಲ್ವಾ?

ಗಾಳಿ ಬೆಳಕು:
ಓಹೋ, ಖಜಾಂಚಿಗಳಾ! ಹೋದ ವರ್ಷ ಮೋಟಾರು ರಿವೈಂಡಿಂಗ್‌ಗೆ 19,000 ಬರೆದಿರಲ್ಲ, ಅದರ ರಸೀದಿ ಎಲ್ಲಿ? ಅಗ್ರಹಾರದ ಅಂಗಡಿಯಲ್ಲಿ ಅದೇ ಎಚ್‌ಪಿ ಮೋಟಾರಿಗೆ 11,000 ಹೇಳಿದರು. ಕೊನೆ ಕ್ರಾಸಿನ ದೀಪ ಉರಿದು ಎಷ್ಟು ಕಾಲ ಆಯಿತು? ನಿಮ್ಮ ಮನೆ ಮುಂದಿನದು ಹಗಲೂ ಉರಿಯುತ್ತಿರುತ್ತದೆ.

ಪಂಪ್‌ಹೌಸ್:
ರಿವೈಂಡಿಂಗ್ ಜೊತೆ ಮೋಟಾರು ಮೇಲೆತ್ತುವ ಗಾಡಿ, ಆಳು, ಹೊಸ ಕೇಬಲ್ಲು ಸೇರಿ 19. ರಸೀದಿ ಫೈಲಿನಲ್ಲಿದೆ. ಮೀಟಿಂಗಿಗೆ ಬಂದವರಿಗೆ ತೋರಿಸಿದ್ದೇನೆ. ನೀವು ಬಂದಿರಲಿಲ್ಲ.

ಇಲವಾಲ ಕಡೆಯವಳು:
ಅಣ್ಣಾ, ವ್ಯಾನ್ ವಿಷಯ. ನಮ್ಮ ಮಗನ ವ್ಯಾನಿನವರು ತಿಂಗಳಿಗೆ 3,200 ತೆಗೆದುಕೊಂಡು ಮುಖ್ಯ ರಸ್ತೆಯ ಪೆಟ್ರೋಲ್ ಬಂಕಿನಲ್ಲೇ ಇಳಿಸುತ್ತಾರೆ. ಒಳಗೆ ಕನಿಷ್ಠ ಐದು ಮಕ್ಕಳಿದ್ದರೆ ಮಾತ್ರ ಬರುತ್ತಾರಂತೆ. ನಿಮ್ಮ ಬಡಾವಣೆಯಲ್ಲಿ ಮಕ್ಕಳು ಎಷ್ಟಿದ್ದಾರೆ ಎಣಿಸಿ ಬನ್ನಿ. ನಿಮ್ಮ ಮನೆಯವರ ಶಾಲೆಗೇ ಮಗಳನ್ನು ಹಾಕಿದರೆ ಈ ಗೋಳಿಲ್ಲ.

ಹೆಬ್ಬಾಳ್ ಶಿಫ್ಟ್:
ತುಂಬಾ ಉಪಕಾರ ಆಯಿತಮ್ಮ. ಪಂಪ್‌ಹೌಸ್ ಸಾರ್, ಒಂದು ಪ್ರಶ್ನೆ. ನಿಮ್ಮ ಬಡಾವಣೆಯ ಆರ್ಚ್ ಪಕ್ಕ ದೊಡ್ಡ ಹುಣಸೆ ಮರ ಇದೆಯಾ? ನಾವು ನೋಡಿದ ಮನೆ ಮೊದಲನೇ ಕ್ರಾಸಿನಲ್ಲಿ, ಮೇಲೆ ಕೆಂಪು ಟ್ಯಾಂಕು. 24 ಗಂಟೆ ನೀರು, ಒಳಚರಂಡಿ ಪೂರ್ತಿ ಆಗಿದೆ ಅಂದರು.

ಪಂಪ್‌ಹೌಸ್:
ಅದೇ. ಆ ಮನೆಯ ಮಾಲೀಕರು ಹದಿನೆಂಟು ತಿಂಗಳಿನಿಂದ ಸಂಘಕ್ಕೆ ಕೊಟ್ಟಿಲ್ಲ, ಬಾಕಿ 27,000. ಕ್ರಯಪತ್ರ ಆಗುವ ಮೊದಲೇ ಅವರಿಂದ ಕಟ್ಟಿಸಿ ರಸೀದಿ ತೆಗೆದುಕೊಳ್ಳಿ. ಇಲ್ಲದಿದ್ದರೆ ನಾನು ನಿಮ್ಮ ಹತ್ತಿರ ಕೇಳಬೇಕಾಗುತ್ತದೆ.

ಗಾಳಿ ಬೆಳಕು:
ಕಟ್ಟಬೇಡಿ ಸಾರ್. ಬಂದ ಮೇಲೆ ನನ್ನ ಹತ್ತಿರ ಬನ್ನಿ, ಬೋರು ಕೊರೆಯುವವರ ನಂಬರ್ ಕೊಡುತ್ತೇನೆ.