ಪುರಸಭೆ ಎಲೆಕ್ಷನ್‌ಗೆ ನಿಲ್ಬೇಕಂತ ಮಾಡೀನಿ, ನಿಂತು ನೋಡಿದವರು ಸ್ವಲ್ಪ ಹೇಳ್ರಿ

ಕೇಳಿದವರು (ಯಾದಗಿರಿ ಜಿಲ್ಲಾ):
ಎಲ್ಲರಿಗೂ ಶರಣ್ರಿ. ನಂದು ಬಸ್ ಸ್ಟ್ಯಾಂಡ್ ಹತ್ರ ಸಣ್ಣ ಝೆರಾಕ್ಸ್ ಅಂಗಡಿ ಅದ, ಪಿಂಚಣಿ, ರೇಷನ್ ಕಾರ್ಡ್, ಜಾತಿ ಆದಾಯ ಎಲ್ಲಾ ಅರ್ಜಿ ಆನ್‌ಲೈನ್ ಹಾಕಿ ಕೊಡ್ತೀನಿ. ಅದಕ್ಕ ಓಣಿ ಮಂದಿ ಎಲ್ಲಾ ಗೊತ್ತು, ಈ ಸಲ ನೀವೇ ನಿಲ್ರಿ ಅಂತ ಬೆನ್ನು ಹತ್ಯಾರ. ನಾ ಯಾವ ಪಾರ್ಟಿದಾಗೂ ಇಲ್ಲ. ಟಿಕೆಟ್ ಕೇಳಬೇಕೋ ಪಕ್ಷೇತರ ನಿಲ್ಲಬೇಕೋ, ಮೊದಲು ಏನು ಮಾಡಬೇಕು, ರೊಕ್ಕ ಎಷ್ಟು ಬೇಕು? ನಮ್ಮ ತಮ್ಮ ಪುರಸಭೆದಾಗ ಚರಂಡಿ ಗಿರಂಡಿ ಗುತ್ತಿಗೆ ಹಿಡಿತಾನ, ಅದರಿಂದ ಏನರ ತೊಂದ್ರಿ ಅದ ಏನ್ರಿ? ಇನ್ನೊಂದು, ವಾರ್ಡ್ ಮಹಿಳಾಕ್ಕ ಹೋದ್ರ ಮನಿಯಾಕಿನ್ನ ನಿಲ್ಲಸು ಅಂತಾರ, ಆಕಿ ಒಲ್ಲೆ ಅನ್ನಲತಾಳ.

ಸೇಡಂ ಕಡಿಯವರು, ಬೂತ್ ಏಜೆಂಟ್ ಕೆಲಸ ಮಾಡಿದವರು:
ಅಣ್ಣಾರ, ಮೀಸಲಾತಿ ಪಟ್ಟಿ ಬರೋ ತನಕ ಯಾರ ಮುಂದೂ ನಿಲ್ತೀನಿ ಅಂತ ಬಾಯಿ ಬಿಡಬ್ಯಾಡ್ರಿ. ಕಳೆದ ಸಲ ಜನರಲ್ ಇದ್ದ ವಾರ್ಡ್ ಈ ಸಲ ಎಸ್‌ಸಿ ಮಹಿಳಾ ಆಗಬಹುದು, ಬಿಸಿ ಎ (ಹಿಂದುಳಿದ ವರ್ಗ ಎ) ಆಗಬಹುದು, ಅರ್ಧ ಸೀಟು ಹೆಂಗಸರಿಗೇ ಅವ. ಮೊದಲು ಕರಡು ಬರ್ತದ, ಆಕ್ಷೇಪಣೆ ಹಾಕ್ಲಾಕ ಕೆಲವು ದಿನ ಕೊಡ್ತಾರ, ಆಮ್ಯಾಲ ಫೈನಲ್. ಕರಡು ನೋಡಿದ ಕೂಡಲೇ ಬ್ಯಾನರ್ ಹಾಕಿದವರು ಫೈನಲ್ ಬಂದಾಗ ಕೈ ಕೈ ಹಿಸುಕಿಕೊಂಡಿದ್ದು ನಮ್ಮ ಕಡಿ ಭಾಳ ನೋಡೀನಿ. ನೀವು ಹಿಂದುಳಿದ ವರ್ಗದವರಿದ್ರ ಇದೊಂದು ತಿಳ್ಕೊಳ್ರಿ, ನೌಕರಿಗಿ ಕಾಲೇಜಿಗಿ ತೋರಿಸೋ 2ಎ 3ಬಿ ಬ್ಯಾರೆ, ಲೋಕಲ್ ಎಲೆಕ್ಷನ್‌ದು ಹಿಂದುಳಿದ ವರ್ಗ ಎ ಮತ್ತ ಬಿ ಬ್ಯಾರೆ. ತಹಶೀಲ್ ಆಫೀಸಿನ್ಯಾಗ ಚುನಾವಣೆಗೆ ಅಂತಲೇ ಸರ್ಟಿಫಿಕೇಟ್ ಕೇಳಿ ತಗೋಬೇಕು, ನಾಮಿನೇಷನ್ ಟೈಮಿನ್ಯಾಗ ಅಲ್ಲಿ ಜಾತ್ರಿ ಇರ್ತದ.

ಹಂಗಂತ ಸುಮ್ನೆ ಕೂಡಂಗಿಲ್ಲ. ವೋಟರ್ ಲಿಸ್ಟ್ ಹಿಡೀರಿ ಈಗಿಂದಲೇ. ಪುರಸಭೆ ಲಿಸ್ಟ್ ಅಂದ್ರ ಎಮ್ಮೆಲ್ಲೆ ಎಲೆಕ್ಷನ್ ಲಿಸ್ಟನ್ನೇ ವಾರ್ಡ್ ಪ್ರಕಾರ ಒಡೆದು ಮಾಡಿದ್ದು, ಒಡೆಯೋವಾಗಲೇ ಎಲ್ಲಾ ಗೋಲ್‌ಮಾಲ್ ಆಗೋದು. ವಾರ್ಡಿನ ಚಕ್ಕುಬಂದಿ ನೋಟಿಫಿಕೇಷನ್‌ದಾಗ ಬರೆದಿರ್ತದ, ಇಂಥವರ ಮನಿಯಿಂದ ಇಂಥ ರಸ್ತೆ ತನಕ ಅಂತ. ಅದನ್ನ ಕೈಯಾಗ ಹಿಡಕೊಂಡು ಓಣಿ ಓಣಿ ನಡೀರಿ. ನಾ ಕೆಲಸ ಮಾಡಿದ ವಾರ್ಡಿನ್ಯಾಗ ಗುಡಿ ಹಿಂದಿನ ಒಂದು ಸಾಲು ಮನಿ ಪೂರಾ ಬಾಜೂ ವಾರ್ಡಿನ ಲಿಸ್ಟಿಗಿ ಹೋಗಿತ್ತು, ಅವರೆಲ್ಲಾ ನಮ್ಮ ಕ್ಯಾಂಡಿಡೇಟಿನ ಖಾಸ್ ಮಂದಿ, ವೋಟಿಂಗ್ ದಿನ ಚೀಟಿ ಹಿಡಕೊಂಡು ಬಂದು ನಿಮ್ಮ ಹೆಸರು ಇಲ್ಲಿಲ್ಲ ಅಂತ ವಾಪಸ್ ಹೋದ್ರು. ಪುರಸಭೆ ವಾರ್ಡಿನ್ಯಾಗ ವೋಟೇ ಒಂದು ಸಾವಿರ, ಒಂದೂವರೆ ಸಾವಿರದ ಆಸುಪಾಸು, ಬಿದ್ದವರು ಗೆದ್ದವರ ನಡುವಿನ ಫರಕು ಒಂದೊಂದು ಸಲ ಬೆರಳ ಮ್ಯಾಲ ಎಣಿಸೋ ಅಷ್ಟೇ ಇರ್ತದ. ಸಮ ಸಮ ಬಂದ್ರ ಚೀಟಿ ಎತ್ತಿ ನಿರ್ಧಾರ ಮಾಡ್ತಾರ, ನಿಮ್ಮ ಐದು ವರ್ಷ ಒಂದು ಚೀಟಿ ಮ್ಯಾಲ.

ನಿಮಗ ಅಂಗಡಿ ಅದ ಅಲ್ಲ, ಅದೇ ನಿಮ್ಮ ತಾಕತ್ತು. ವೋಟರ್ ಲಿಸ್ಟಿನ್ಯಾಗ ಹೊಸ ಹೆಸರಿಗಿ ಫಾರಂ 6, ತೆಗಿಸ್ಲಾಕ 7, ತಿದ್ದುಪಡಿ ಮತ್ತ ವಿಳಾಸ ಬದಲಿಗಿ 8. ಬಂದವರದ್ದು ಪಿಂಚಣಿ ಅರ್ಜಿ ಜತಿಗಿ ಇದನ್ನೂ ಹಾಕ್ಕೋತ ಹೋಗ್ರಿ. ಒಂದೇ ಮಾತು, ವಿರೋಧ ಅನ್ನಿಸಿದವರ ಹೆಸರು ತೆಗಿಸೋ ಧಂದೆಕ್ಕ ಮಾತ್ರ ಇಳಿಬ್ಯಾಡ್ರಿ, ಸುಳ್ಳು ಫಾರಂ 7 ಹಾಕಿದ್ರ ಕೇಸ್ ಆಗ್ತದ.

ಹೆಸರು ಬ್ಯಾಡ:
ನಿಲ್ಲಬ್ಯಾಡ್ರಿ. ಅಂಗಡಿ ನಡಿಲತದ, ನಿದ್ದಿ ಬರ್ಲತದ, ಇನ್ನೇನು ಬೇಕು.

ಬೀದರ್ ಜಿಲ್ಲಾದವರು, ಮಾಜಿ ಸದಸ್ಯೆ:
ತಮ್ಮಾ, ಮೊದಲು ನಿನ್ನ ಮನಿಯಾಕಿ ಮಾತು. ಆಕಿ ಒಲ್ಲೆ ಅಂದ್ರ ಬಿಟ್ಟುಬಿಡು, ನಾ ಹೇಳೋದು ಇಷ್ಟೇ. ಯಾಕಂದ್ರ ಗೆದ್ದ ಮ್ಯಾಲ ಸಹಿ ಆಕಿದು, ಕೇಸ್ ಬಿದ್ರ ಹೆಸರೂ ಆಕಿದೇ, ಕುರ್ಚಿ ಮ್ಯಾಲ ಕೂತು ಮಾತಾಡವ ಮಾತ್ರ ನೀ. ನಮ್ಮಲ್ಲಿ ಹೆಂಗಸರು ಅರ್ಧಕ್ಕಿಂತ ಜಾಸ್ತಿ ಗೆದ್ದು ಬಂದಿದ್ವಿ, ಮೊದಲ ಸಭೆಗಿ ಹೋದ್ರ ಹಾಲ್ ತುಂಬಾ ಗಂಡಸರು, ಎಲ್ಲಾ ಮೆಂಬರ್ ಗಂಡಂದಿರು. ನಮ್ಮ ಮನಿಯವರೂ ಬಂದಿದ್ರು, ನಾನೇ ಹೊರಗ ಕೂಡ್ರಿ ಅಂದೆ, ನಾಕ್ ದಿನ ಮಾತಾಡ್ಲಿಲ್ಲ, ಆಮ್ಯಾಲ ಸರಿ ಹೋಯ್ತು. ಆಕಿಗಿ ಖರೇನೇ ಮನಸ್ಸಿದ್ರ, ಓಣಿಯಾಗ ನೀರಿನ ಜಗಳ ಬಿಡಿಸೋಳು ಆಕಿ ಇದ್ರ, ನಿಲ್ಲಿಸು, ನೀ ಹಿಂದ ಇರು.

ಈಗ ಗೆದ್ದ ಮ್ಯಾಲಿಂದು ಹೇಳ್ತೀನಿ, ಇದನ್ನ ಯಾರೂ ಹೇಳಂಗಿಲ್ಲ. ನಮ್ದು 2019ರ ಮೇ 29ಕ್ಕ ವೋಟಿಂಗ್, 31ಕ್ಕ ಎಣಿಕೆ. ಗುಲಾಲು ಹಚ್ಚಿಕೊಂಡು ಮೆರವಣಿಗೆ ಮಾಡಿದ್ವಿ, ಆಮ್ಯಾಲ ಅಧ್ಯಕ್ಷ ಉಪಾಧ್ಯಕ್ಷರ ಮೀಸಲಾತಿ ಕೋರ್ಟಿಗಿ ಹೋಗಿ 2020ರ ಕೊನಿ ತನಕ ಅಧ್ಯಕ್ಷರೇ ಇಲ್ಲ, ಆಡಳಿತಾಧಿಕಾರಿ ರಾಜ್ಯ. 2018ರ ಆಗಸ್ಟ್ 31ಕ್ಕ ಎಲೆಕ್ಷನ್ ಆದವರದ್ದು ಇನ್ನೂ ಅತ್ತತ್ತ, ಎರಡು ವರ್ಷದ ಮ್ಯಾಲ ಕಾದ್ರು. ಮಂದಿ ಬಂದು ನಲ್ಲಿ ನೀರು ಬರವಲ್ದು ಅಂತಾರ, ನೀ ಮೆಂಬರ್ ಅಂತ ಕಾರ್ಡ್ ಅದ, ಸಭೆ ಇಲ್ಲ, ಯಾರನ್ನ ಕೇಳ್ತಿ? ಅಧ್ಯಕ್ಷರ ಎರಡನೇ ಅವಧಿಗೂ ಇದೇ ಕಥಿ, ಮೀಸಲಾತಿ ಪಟ್ಟಿ ಬಂದಿದ್ದು 2024ರ ಆಗಸ್ಟಿಗಿ. ಐದು ವರ್ಷ ಅನ್ನೋದು ಮೊದಲ ಸಭೆಯಿಂದ ಎಣಿಸ್ತಾರ ಅನ್ನೋದೊಂದೇ ಸಮಾಧಾನ.

ಸಭೆ ಶುರು ಆದ ಮ್ಯಾಲ ನೋಟಿಸ್ ಜತಿಗಿ ಅಜೆಂಡಾ ಬರ್ತದ. ಒಂದನೇ ವಿಷಯ ಯಾವಾಗಲೂ ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಎಲ್ಲರೂ ಓಕೆ ಓಕೆ ಅಂದು ಮಿರ್ಚಿ ಭಜಿ ತಿಂತಿರ್ತಾರ. ನಾ ಒಂದ್ಸಲ ನಡಾವಳಿ ಪುಸ್ತಕ ಈ ಕಡಿ ಕೊಡ್ರಿ ಅಂದೆ, ಕೊಡ್ಲಾಕೇ ತಯಾರಿಲ್ಲ, ಕೊನಿಗಿ ಕೊಟ್ರು. ನೋಡಿದ್ರ ಹಿಂದಿನ ಸಭೆದಾಗ ಬಾಯಿಂದ ಹೊರಗೇ ಬರದ ಬೋರ್‌ವೆಲ್ ರಿಪೇರಿ ಬಿಲ್ಲು "ಸರ್ವಾನುಮತದಿಂದ ಒಪ್ಪಿಗೆ" ಅಂತ ಬರೆದಾರ, ಕೆಳಗ ನಮ್ಮ ಹಾಜರಿ ಸಹಿ. ಹಾಜರಿಗಿ ಮಾಡಿದ ಸಹಿ ಒಪ್ಪಿಗಿಗಿ ಬಿದ್ದಿತ್ತು. ಅವತ್ತಿನಿಂದ ನಾ ಸಹಿ ಕೆಳಗ ತಾರೀಖು, ಟೈಮು ಹಾಕಿ "ಹಾಜರಿಗೆ ಮಾತ್ರ" ಅಂತ ಬರಿತಿದ್ದೆ. ಮುಖ್ಯಾಧಿಕಾರಿ ಮುಖ ನೋಡ್ಬೇಕಿತ್ತು ನೀವು.

ಮತ್ತ ರೊಕ್ಕದ ಲೆಕ್ಕ ಕಲಿ. ಕೇಂದ್ರ ಹಣಕಾಸು ಆಯೋಗದ್ದು, ಎಸ್‌ಎಫ್‌ಸಿ ಅಂದ್ರ ರಾಜ್ಯ ಹಣಕಾಸು ಆಯೋಗದ್ದು, ನಗರೋತ್ಥಾನ ಯೋಜನೆದು, ಒಂದೊಂದು ಅನುದಾನಕ್ಕೂ ಒಂದೊಂದು ರೂಲ್. ಎಸ್‌ಸಿ ಎಸ್‌ಟಿ ಮಂದಿಗಿ ಶೇಕಡಾ 24.10, ಇತರೆ ಬಡವರಿಗಿ 7.25, ಅಂಗವಿಕಲರಿಗಿ 5 ಅಂತ ತೆಗೆದಿಡೋದು ಅದ, ವರ್ಷದ ಕೊನಿಗಿ ಅದು ಖರ್ಚೇ ಆಗಿರಂಗಿಲ್ಲ, ಇಲ್ಲಾ ಹೊಲಿಗಿ ಮಷಿನ್ ಹಂಚಿ ಮುಗಿಸಿರ್ತಾರ. ನಿನ್ನ ವಾರ್ಡಿನ ಅಂಗವಿಕಲ ಹುಡುಗನಿಗಿ ತ್ರಿಚಕ್ರ ಗಾಡಿ ಅದ್ರಾಗಿಂದ ಬರಬೇಕು. ಈ ಮೂರು ನಂಬರ್ ಬಾಯಿಪಾಠ ಇದ್ರ ಅಧಿಕಾರಿ ಸ್ವಲ್ಪ ಅಂಜ್ತಾರ. ಇಷ್ಟು ಸಾಕು, ಕೈ ನೋಯ್ಲತದ.

ಕಲಬುರಗಿ ಸಿಟಿ:
ಪಾರ್ಟಿನಾ ಪಕ್ಷೇತರನಾ ಅನ್ನೋದಕ್ಕ ನಂದು. ಗ್ರಾಮ ಪಂಚಾಯ್ತಿದಾಗ ಪಾರ್ಟಿ ಚಿಹ್ನೆ ಇರಂಗಿಲ್ಲ, ಪುರಸಭೆ ನಗರಸಭೆ ಪಾಲಿಕೆದಾಗ ಇರ್ತದ, ಅದಕ್ಕ ಎಮ್ಮೆಲ್ಲೆ ಸಾಹೇಬ್ರ ಮನಿ ಮುಂದ ಬಿ ಫಾರಂಗೆ, ಅಂದ್ರ ಪಾರ್ಟಿ ಟಿಕೆಟ್ ಪತ್ರಕ್ಕ, ಲೈನ್. ಪಾರ್ಟಿದಾಗ ನಿಂತ್ರ ಚಿಹ್ನೆ ಎಲ್ಲರಿಗೂ ಗೊತ್ತಿರ್ತದ. ಪಕ್ಷೇತರರಿಗಿ ನಾಮಪತ್ರ ವಾಪಸ್ ತಗೊಳ್ಳೋ ದಿನ ಮುಗಿದ ಮ್ಯಾಲ ಚಿಹ್ನೆ ಸಿಗ್ತದ, ಪ್ರಚಾರಕ್ಕ ಉಳಿಯೋದು ಸ್ವಲ್ಪ ದಿನ, ಆ ದಿನದಾಗ ಮುದುಕರಿಗಿ ತೋರಿಸಿ ತೋರಿಸಿ ತಲಿಯಾಗ ಕೂಡಿಸ್ಬೇಕು. ಮುಕ್ತ ಚಿಹ್ನೆ ಪಟ್ಟಿ ಮೊದಲೇ ನೋಡ್ಕೊಂಡು, ಮನಿಯಾಗ ದಿನಾ ಕಾಣೋ ಸಾಮಾನಿಂದು ಕೇಳ್ರಿ.

ಆದ್ರ ಪಕ್ಷೇತರ ಒಬ್ಬ ಅಂತ ಹಗುರ ತಿಳಿಬ್ಯಾಡ್ರಿ. 2021ರ ಸೆಪ್ಟೆಂಬರಿಗಿ ನಮ್ಮ ಪಾಲಿಕೆ ರಿಸಲ್ಟ್ ನೆನಪದ ಏನು, 55 ವಾರ್ಡಿನ್ಯಾಗ ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಯಾರಿಗೂ ಬಹುಮತ ಇಲ್ಲ, ಒಂದೊಂದು ವೋಟಿಗೂ ಬೆಲಿ ಬಂತು, ಮೇಯರ್ ಆಯ್ಕೆ ಆಗ್ಬೇಕಾದ್ರ 2023ರ ಮಾರ್ಚ್ ಬಂತು. ಮ್ಯಾಲಿಂದ ಎಮ್ಮೆಲ್ಲೆ, ಎಂಪಿಗೂ ಅಧ್ಯಕ್ಷರ ಆಯ್ಕೆದಾಗ ವೋಟ್ ಅದ, ನೀವು ಲೆಕ್ಕ ಹಾಕ್ಕೊಂಡ ಬಹುಮತ ಅವತ್ತು ಬ್ಯಾರೆನೇ ಆಗಿರ್ತದ. ಮತ್ತ ಬಿ ಫಾರಂ ಮ್ಯಾಲ ಗೆದ್ದವರಿಗಿ ಇಂಥವರಿಗೇ ವೋಟ್ ಹಾಕ್ರಿ ಅಂತ ಪಾರ್ಟಿಯವರು ವಿಪ್ ಕೊಡ್ತಾರ, ಮೀರಿದ್ರ 1987ರ ಪಕ್ಷಾಂತರ ನಿಷೇಧ ಕಾಯ್ದೆ ಹಚ್ಚಿ ಸದಸ್ಯತ್ವ ತೆಗೀತಾರ. ಇದು ಗೊತ್ತಿದ್ದು ಬಿ ಫಾರಂ ತಗೊಳ್ರಿ.

ವಕೀಲ್ರು, ಬೀದರ್:
ತಮ್ಮನ ಗುತ್ತಿಗೆ ಬಗ್ಗೆ ಕೇಳಿದ್ರಿ. ತಮ್ಮ ಗುತ್ತಿಗೆದಾರ ಅಂದ ಮಾತ್ರಕ್ಕೆ ನೀವು ಅನರ್ಹ ಆಗಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಪ್ರಕಾರ ಆ ಗುತ್ತಿಗೆಯಲ್ಲಿ ನಿಮಗೆ ನೇರ ಆಗ್ಲಿ ಪರೋಕ್ಷ ಆಗ್ಲಿ ಪಾಲು ಇರಬಾರದು. ಒಂದೇ ಫರ್ಮ್, ಜಂಟಿ ಖಾತೆ, ಅವನ ಟೆಂಡರ್ ಠೇವಣಿ (ಇಎಂಡಿ) ನಿಮ್ಮ ಅಕೌಂಟಿಂದ ಹೋಗಿದ್ದು, ಇಂಥವು ಇದ್ರೆ ಎದುರಾಳಿ ಮೊದಲು ಹಿಡಿಯೋದೇ ಅದನ್ನ. ನಾಮಪತ್ರ ಸಲ್ಲಿಸೋಕೆ ಮುಂಚೆ ಬಿಡಿಸಿಕೊಳ್ಳಿ, ಕಾಗದದ ಮೇಲೆ ಅಲ್ಲ, ನಿಜವಾಗ್ಲೂ. ಗೆದ್ದ ಮೇಲೆ ಅವನ ಬಿಲ್ಲು ಸಭೆಗೆ ಬಂದಾಗ ನೀವು ಎದ್ದು ಹೊರಗೆ ಹೋಗೋದೇ ಒಳ್ಳೇದು.

ಉಳಿದದ್ದು ಗಡಿಬಿಡೀಲಿ ಹೇಳ್ತೀನಿ, ಕಕ್ಷಿದಾರರು ಕಾಯ್ತಿದಾರೆ. ವಯಸ್ಸು 21 ತುಂಬಿರಬೇಕು, ನಿಮ್ಮ ಹೆಸರು ಆ ಪುರಸಭೆ ಲಿಸ್ಟಲ್ಲಿ ಇರಬೇಕು, ನಾಮಪತ್ರಕ್ಕೆ ನಿಮ್ಮ ಹೆಸರು ಸೂಚಿಸಿ ಸಹಿ ಹಾಕೋ ಸೂಚಕರು ನೀವು ನಿಲ್ಲೋ ವಾರ್ಡಿನವರೇ ಆಗಿರಬೇಕು. ಮನೆ ತೆರಿಗೆ, ನೀರಿನ ಬಿಲ್ಲು, ಅಂಗಡಿ ಪುರಸಭೆ ಮಳಿಗೆ ಆಗಿದ್ರೆ ಅದರ ಬಾಡಿಗೆ, ಎಲ್ಲಾ ಕಟ್ಟಿ ರಸೀದಿ ಇಟ್ಕೊಳ್ಳಿ. ಅಫಿಡವಿಟ್‌ನಲ್ಲಿ ಕೇಸು, ಆಸ್ತಿ, ಸಾಲ, ಓದು ಬರೀಬೇಕು, ಒಂದು ಕಾಲಮ್ಮೂ ಖಾಲಿ ಬಿಡಬೇಡಿ, ಇಲ್ಲ ಅಂದ್ರೆ "ಇಲ್ಲ" ಅಂತಲೇ ಬರೀರಿ, ಗೀಟು ಎಳೀಬೇಡಿ. ಖರ್ಚಿಗೆ ಆಯೋಗದ ಮಿತಿ ಇದೆ, ದಿನದ ಲೆಕ್ಕ ದಿನವೇ ಬರೀರಿ. ಸೋತವರು ಲೆಕ್ಕ ಕೊಡೋದು ಮರೆತುಬಿಡ್ತಾರೆ, ಮುಂದಿನ ಸಲ ನಿಲ್ಲೋಕೆ ಹೋದಾಗ ಅನರ್ಹರ ಪಟ್ಟೀಲಿ ಹೆಸರು ಸಿಗುತ್ತೆ.

ಶಹಾಬಾದ್ ಕಡಿ ಹುಡುಗ:
ಖರ್ಚು ಎಷ್ಟು ಅಂತ ಖರೇ ಯಾರೂ ಹೇಳಂಗಿಲ್ಲ ಬಿಡ್ರಿ ಅಣ್ಣಾ. ಲೆಕ್ಕದ ಪುಸ್ತಕದಾಗ ಬ್ಯಾನರು, ಆಟೋ, ಮೈಕು. ಪುಸ್ತಕದ ಹೊರಗ ರಾತ್ರಿ ಬಿರಿಯಾನಿ, ಸೀರಿ, ಯುವಕ ಮಂಡಳಿಗಿ ಕ್ರಿಕೆಟ್ ಕಿಟ್, ಗುಡಿಗಿ ಬಣ್ಣ. ಒಂದು ಸಲ ಕೊಡ್ಲಾಕ ಶುರು ಮಾಡಿದ್ರ ಎದುರಿನವ ಡಬಲ್ ಮಾಡ್ತಾನ, ನಿಮ್ಮಂಥವರು ಆ ರೇಸಿನ್ಯಾಗ ಸೋಲೋದು ಗ್ಯಾರಂಟಿ. ಕೊಡಂಗಿಲ್ಲ ಅಂತ ಮೊದಲೇ ಓಣಿ ಕೂಡಿಸಿ ಹೇಳಿಬಿಡ್ರಿ. ರೊಕ್ಕ ಹಾಕೋ ಬದಲಿ ಗುಳೆ ಹೋದವರಿಗಿ ಖುದ್ದು ಫೋನ್ ಹಚ್ಚೋದಕ್ಕ ನಿಮ್ಮ ಟೈಮ್ ಹಾಕ್ರಿ. ನಮ್ಮ ವಾರ್ಡಿನವರು ಅರ್ಧ ಮಂದಿ ಬೆಂಗಳೂರು, ಹೈದ್ರಾಬಾದ್, ಪುಣೆ ಸೆಂಟ್ರಿಂಗ್ ಕೆಲಸದಾಗ ಇರ್ತಾರ, ಅವರು ಬಂದ ಎಲೆಕ್ಷನ್ ಬ್ಯಾರೆ, ಬರದ ಎಲೆಕ್ಷನ್ ಬ್ಯಾರೆ. ಬಸ್ ಮಾಡಿ ಕರ್ಕೊಂಡು ಬರೋದು ಅಪರಾಧ, ಹೇಳ್ಲಿಲ್ಲ ಅನಬ್ಯಾಡ್ರಿ. ಹಬ್ಬಕ್ಕ, ಉರುಸಿಗಿ ಊರಿಗಿ ಬಂದಾಗಲೇ ಮಾತಾಡಿಸಿ ನಂಬರ್ ತಗೊಂಡಿರ್ಬೇಕು.

ಕೇಳಿದವರು:
ಎಲ್ಲರಿಗೂ ಭಾಳ ಉಪಕಾರ ಆಯ್ತು. ಅಕ್ಕೋರ, ನೀವು ಬರೆದಿದ್ದು ಮನಿಯಾಕಿಗಿ ಓದಿ ಹೇಳೀನಿ, ನಕ್ಕಳು, ನಡಾವಳಿ ಪುಸ್ತಕದ ಮಾತು ಮಾತ್ರ ಎರಡು ಸಲ ಕೇಳಿದಳು. ತಮ್ಮನ ಜತಿ ಒಂದು ಜಾಯಿಂಟ್ ಅಕೌಂಟ್ ಅದ, ಮುಚ್ಚಿಸ್ತೀನಿ. ಸೇಡಂ ಅಣ್ಣಾರ, ಲಿಸ್ಟ್ ಇಳಿಸಿಕೊಂಡು ನೋಡಿದೆ, ನಮ್ಮ ಅಂಗಡಿ ಹಿಂದ ಬಾಡಿಗಿ ಇರೋ ಮಂದಿ ಹೆಸರು ಅವರ ಹಳ್ಳಿ ಲಿಸ್ಟಿನ್ಯಾಗೇ ಅವ. ಅವರು ಇಲ್ಲಿಗಿ ಬರ್ಲಾಕ ಫಾರಂ 6 ಹಾಕ್ಬೇಕೋ 8 ಹಾಕ್ಬೇಕೋ?

ಸೇಡಂ ಕಡಿಯವರು:
8ರೀ. ಮೊದಲೇ ಎಪಿಕ್ (ವೋಟರ್ ಕಾರ್ಡ್) ನಂಬರ್ ಇದ್ದವರು 6 ಹಾಕಿದ್ರ ಎರಡೂ ಕಡಿ ಹೆಸರು ಆಗ್ತದ, ಅದು ಅಪರಾಧ. 8ರಾಗ ವಿಳಾಸ ಬದಲಿ ಅಂತ ಆರಿಸ್ರಿ, ಬಾಡಿಗಿ ಕರಾರು ಇಲ್ಲಾ ಕರೆಂಟ್ ಬಿಲ್ಲು ಹಚ್ರಿ. ಬಿಎಲ್‌ಓ, ಅಂದ್ರ ಬೂತಿನ ವೋಟರ್ ಲಿಸ್ಟ್ ನೋಡ್ಕೊಳ್ಳೋ ಅಧಿಕಾರಿ, ಮನಿಗಿ ಬಂದಾಗ ಬಾಡಿಗಿದಾರರು ಕೂಲಿಗಿ ಹೋಗಿ ಬೀಗ ಹಾಕಿದ್ರ ಅರ್ಜಿ ರಿಜೆಕ್ಟ್ ಆಗ್ತದ, ಅದಕ್ಕ ಬಿಎಲ್‌ಓ ಅಕ್ಕೋರಿಗಿ ಮುಂಜಾನೆ ಬರ್ಲಾಕ ಹೇಳಿ ಇಡ್ರಿ.