ಎರಡು ತಿಂಗಳಿಗೊಮ್ಮೆ ಫ್ರಾಂಕ್‌ಫರ್ಟ್: ಗೋಲ್ಡ್ ಕಾರ್ಡ್ ಯಾವುದರಲ್ಲಿ ಮಾಡಿಸೋದು?

ಪ್ರಶ್ನೆ (ತೀರ್ಥಹಳ್ಳಿಯಿಂದ): ಮೇಡಂ, ನಮಸ್ಕಾರ. ಊರಿಂದಲೇ ಕೆಲಸ ಮಾಡುತ್ತೇನೆ. ಎರಡು ತಿಂಗಳಿಗೊಮ್ಮೆ ಆಫೀಸಿನವರು ಫ್ರಾಂಕ್‌ಫರ್ಟ್‌ಗೆ ಕಳಿಸುತ್ತಾರೆ. ಎಕಾನಮಿ ಟಿಕೆಟ್. ಒಮ್ಮೆ ಲುಫ್ತಾನ್ಸಾ, ಒಮ್ಮೆ ದುಬೈ ಮೇಲೆ ಎಮಿರೇಟ್ಸ್. ಸೋಗಾನೆಯಿಂದ (ಶಿವಮೊಗ್ಗ ವಿಮಾನ ನಿಲ್ದಾಣ) ಬೆಂಗಳೂರಿಗೆ ಇಂಡಿಗೋ. ಮೂರು ಕಡೆ ಚೂರುಪಾರು ಪಾಯಿಂಟ್ ಬಿದ್ದಿದೆ. ಏರ್‌ಪೋರ್ಟಿನಲ್ಲಿ ಲೌಂಜ್ (ವಿಶ್ರಾಂತಿ ಕೋಣೆ), ಜಾಸ್ತಿ ಲಗೇಜ್ ಸಿಗಬೇಕಾದರೆ ಯಾವುದರಲ್ಲಿ ಸದಸ್ಯತ್ವ ಇಟ್ಟುಕೊಳ್ಳಲಿ?

ಉತ್ತರ (ಟಿಕೆಟ್ ಏಜೆಂಟ್, ಶಿವಮೊಗ್ಗ): ನಮಸ್ಕಾರ ಸರ್. ಮೂರು ಕಡೆ ಹಂಚಿದರೆ ಎಲ್ಲೂ ಮೇಲಿನ ದರ್ಜೆ ಬರುವುದಿಲ್ಲ. ಸ್ಟಾರ್ ಅಲಯನ್ಸ್ ಅಂತ ವಿಮಾನ ಕಂಪನಿಗಳ ಕೂಟ ಒಂದಿದೆ. ಎಮಿರೇಟ್ಸ್, ಇಂಡಿಗೋ ಎರಡೂ ಅದರಲ್ಲಿ ಇಲ್ಲ. ಲುಫ್ತಾನ್ಸಾ, ಏರ್ ಇಂಡಿಯಾ, ಸಿಂಗಾಪುರ್ ಏರ್‌ಲೈನ್ಸ್ ಇವೆ. ಈ ಕೂಟದ ಯಾವುದೇ ಕಂಪನಿಯಲ್ಲಿ ಗೋಲ್ಡ್ ದರ್ಜೆ ಆದರೆ ಉಳಿದವರ ವಿಮಾನದಲ್ಲಿ ಹೋಗುವಾಗಲೂ ಲೌಂಜ್, ಬೇಗ ಚೆಕ್-ಇನ್, ಹೆಚ್ಚುವರಿ ಲಗೇಜ್ ಸಿಗುತ್ತದೆ. ಲೌಂಜ್‌ಗೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು. ಸಿಲ್ವರ್‌ಗೆ ಇದ್ಯಾವುದೂ ಇಲ್ಲ, ವೇಟಿಂಗ್ ಲಿಸ್ಟಿನಲ್ಲಿ ಸ್ವಲ್ಪ ಆದ್ಯತೆ ಅಷ್ಟೇ. ಅದರ ಹಿಂದೆ ಓಡಬೇಡಿ.

ಈಗ ಲೆಕ್ಕ. ಬೆಂಗಳೂರು–ಫ್ರಾಂಕ್‌ಫರ್ಟ್ ಸುಮಾರು 4,600 ಮೈಲು, ಹೋಗಿ ಬಂದರೆ 9,200. ಸಿಂಗಾಪುರ್ ಏರ್‌ಲೈನ್ಸ್‌ನವರ ಸದಸ್ಯತ್ವ ಯೋಜನೆ ಕ್ರಿಸ್‌ಫ್ಲೈಯರ್‌ನಲ್ಲಿ ಗೋಲ್ಡ್‌ಗೆ 12 ತಿಂಗಳಲ್ಲಿ 50,000 ಎಲೀಟ್ ಮೈಲು (ದರ್ಜೆಗೆ ಲೆಕ್ಕವಾಗುವ ಮೈಲು) ಬೇಕು. ಆರೂ ಸಲ ಲುಫ್ತಾನ್ಸಾದಲ್ಲೇ ಹೋಗಿ, ಮೈಲನ್ನು ಕ್ರಿಸ್‌ಫ್ಲೈಯರ್ ಖಾತೆಗೆ ಹಾಕಿಸಿ, ಪೂರ್ತಿ ಸಿಕ್ಕರೆ 55,200, ಗೋಲ್ಡ್ ಬರುತ್ತದೆ. ಒಂದೇ ಸಲ ದುಬೈ ಮೇಲೆ ಹೋದರೂ 46,000ಕ್ಕೆ ನಿಂತುಬಿಡುತ್ತೀರಿ!

ಅಗ್ಗದ ಎಕಾನಮಿ ದರದಲ್ಲಿ ಪೂರ್ತಿ ಮೈಲು ಕೊಡುವುದಿಲ್ಲ. ಅರ್ಧ ಕೊಟ್ಟರೆ ಹನ್ನೊಂದು ಸಲ ಓಡಾಡಬೇಕು. ಟಿಕೆಟ್ ಮೇಲೆ ಅದು ಯಾವ ದರದ್ದು ಅಂತ ತೋರಿಸುವ ಇಂಗ್ಲಿಷ್ ಅಕ್ಷರ ಒಂದು ಇರುತ್ತದೆ. ಅದಕ್ಕೆ ಎಷ್ಟು ಮೈಲು ಅಂತ ಕ್ರಿಸ್‌ಫ್ಲೈಯರ್ ಪಟ್ಟಿಯಲ್ಲಿ ನೋಡಿ, ಆಮೇಲೆ ಆಫೀಸಿನ ಟಿಕೆಟ್ ವಿಭಾಗದವರ ಹತ್ತಿರ ಮಾತಾಡಿ. ನನ್ನ ಪ್ರಕಾರ ನಿಮ್ಮ ವಿಷಯದಲ್ಲಿ ಎಲ್ಲಾ ನಿಂತಿರುವುದು ಈ ಅಕ್ಷರದ ಮೇಲೆ.

ಲುಫ್ತಾನ್ಸಾದವರದೇ ಯೋಜನೆ ಮೈಲ್ಸ್ ಅಂಡ್ ಮೋರ್‌ನಲ್ಲಿ ಗೋಲ್ಡ್‌ಗೆ ಸಮನಾದ ಸೆನೇಟರ್ ದರ್ಜೆಗೆ 2,000 ಪಾಯಿಂಟ್ ಬೇಕು. ಬಿಸಿನೆಸ್ ಕ್ಲಾಸಿನವರಿಗೆ ಸುಲಭ, ಎಕಾನಮಿಯವರಿಗೆ ದೂರ. ಏರ್ ಇಂಡಿಯಾದವರ ಯೋಜನೆ ಮಹಾರಾಜ ಕ್ಲಬ್ ಅದರಲ್ಲೇ ಜಾಸ್ತಿ ಹಾರುವವರಿಗೆ ಸರಿ. ನಿಮಗೆ ನಾನು ಹೇಳುವುದು ಕ್ರಿಸ್‌ಫ್ಲೈಯರ್.

ಮರುಪ್ರಶ್ನೆ: ಥ್ಯಾಂಕ್ಸ್ ಮೇಡಂ. ಗೋಲ್ಡ್ ಬಂದರೆ ಆ ಹೆಚ್ಚುವರಿ ಬ್ಯಾಗ್ ಸೋಗಾನೆ–ಬೆಂಗಳೂರು ವಿಮಾನಕ್ಕೂ ಬರುತ್ತಾ? ಹೋಗುವಾಗ ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಡುತ್ತಾರೆ.

ಉತ್ತರ: ಇಂಡಿಗೋ ಟಿಕೆಟ್ ಬೇರೆ ತೆಗೆದಿದ್ದರೆ ಬರಲ್ಲ ಸರ್. ಒಳನಾಡಿನ ಟಿಕೆಟ್ಟಿಗೆ 15 ಕೆಜಿ, ಮೇಲಿನದಕ್ಕೆ ದುಡ್ಡು. ಎರಡು ದೊಡ್ಡ ಬ್ಯಾಗ್ ಇರುವಾಗ ಬೆಂಗಳೂರಿಗೆ ರಾತ್ರಿ ರೈಲು ಅಥವಾ ಬಸ್ಸೇ ವಾಸಿ. ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿನಲ್ಲೇ ಇಡಿ, ಕೈಚೀಲದಲ್ಲಿ ಬೇಡ.

ಮತ್ತೊಬ್ಬರು (ಸಾಗರ): ವರ್ಷಕ್ಕೊಮ್ಮೆ ಮಗಳ ಮನೆಗೆ ಹೋಗುವ ನಮ್ಮಂಥವರಿಗೆ?

ಉತ್ತರ: ಅಮ್ಮಾ, ದರ್ಜೆಯ ಚಿಂತೆ ಬಿಡಿ. ಅಗ್ಗವಾಗಿ, ಕಡಿಮೆ ಇಳಿದು ಹತ್ತುವ ವಿಮಾನ ನೋಡಿ. ಸದಸ್ಯತ್ವ ಪುಕ್ಕಟೆ, ಮಾಡಿಸಿಡಿ. ಹೆಸರು ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ, ಮೈಲು ಖಾತೆಗೆ ಬೀಳುವ ತನಕ ಬೋರ್ಡಿಂಗ್ ಪಾಸ್ ಬಿಸಾಡಬೇಡಿ.