ಹಿನ್ನೆಲೆ ವಿಕಿರಣ ಎಲ್ಲಾ ದಿಕ್ಕಿನಲ್ಲೂ ಒಂದೇ ಅಂತಾರೆ, ನನ್ನ ಡಿಶ್‌ಗೆ ಮಾತ್ರ ದಕ್ಷಿಣದಲ್ಲಿ ಜಾಸ್ತಿ!

ಚಿಂತಾಮಣಿ_ಚುಕ್ಕಿ:
ತಲೆ ಕೆಟ್ಟು ಹೋಗಿದೆ, ಯಾರಾದರೂ ಹೇಳಿ. ಒಂಬತ್ತನೇ ತರಗತಿ ಮಕ್ಕಳಿಗೆ ಮಹಾಸ್ಫೋಟದಿಂದ ಉಳಿದು ಇಡೀ ಆಕಾಶ ತುಂಬಿರುವ ಹಿನ್ನೆಲೆ ವಿಕಿರಣ ತೋರಿಸೋಣ ಅಂತ ಹಳೇ ಡಿಟಿಎಚ್ ಡಿಶ್, ಎಲ್‌ಎನ್‌ಬಿ (ಡಿಶ್ ತೋಳಿನ ತುದಿಯಲ್ಲಿ ಅಲೆ ಹಿಡಿಯುವ ಪೆಟ್ಟಿಗೆ), ಆರ್‌ಟಿಎಲ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ರೇಡಿಯೋ) ಜೋಡಿಸಿದ್ದೇನೆ. ಪುಸ್ತಕದಲ್ಲಿ 2.725 ಕೆಲ್ವಿನ್, ಯಾವ ಕಡೆ ನೋಡಿದರೂ ಅಷ್ಟೇ ಅಂತ ಇದೆ. ನನಗೆ ದಕ್ಷಿಣಕ್ಕೆ ವಾಲಿಸಿದರೆ ಸಿಗ್ನಲ್ ಏರುತ್ತದೆ, ಉತ್ತರಕ್ಕೆ ಇಳಿಯುತ್ತದೆ. ಗೋಡೆಗೆ ಹಿಡಿದರೆ ಆಕಾಶಕ್ಕಿಂತ ಒಂದೇ ಒಂದು ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಅಳತೆ) ಜಾಸ್ತಿ. ಮಧ್ಯಾಹ್ನ ಒಂದು ಲೆಕ್ಕ, ಸಂಜೆ ಇನ್ನೊಂದು. ಕೇಬಲ್ ಬದಲಿಸಿ ಆಯಿತು. ಸೆಟ್ಟಿಂಗ್ ಎಲ್ಲಾ ಸರಿ ಇದೆ.

ಕೋಲಾರ_ಹ್ಯಾಮ್:
ಹತ್ತಿರ ಮೊಬೈಲ್ ಟವರ್ ಇದೆಯಾ? ನೂರಕ್ಕೆ ನೂರು ಅದೇ. ಎಲ್‌ಎನ್‌ಬಿಯಿಂದ ಕೇಬಲ್‌ಗೆ ಇಳಿಯುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್. ಟವರಿನ 1800 ಅದರ ಮಧ್ಯದಲ್ಲೇ ಕೂತಿದೆ. ಎಫ್ ಕನೆಕ್ಟರ್ ಸಡಿಲ ಇದ್ದರೆ ಸೀದಾ ಒಳಗೆ ನುಗ್ಗುತ್ತದೆ.

ಚಿಂತಾಮಣಿ_ಚುಕ್ಕಿ:
ಟವರ್ ಇರುವುದು ಪೂರ್ವಕ್ಕೆ. ನನಗೆ ಏರುತ್ತಿರುವುದು ದಕ್ಷಿಣದಲ್ಲಿ.

ಕೋಲಾರ_ಹ್ಯಾಮ್:
ನೀರಿನ ಟ್ಯಾಂಕಿಗೆ ಬಡಿದು ವಾಪಸ್ ಬರಬಹುದು. ಡಾಂಗಲ್‌ಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ನೋಡಿ.

ತಿಪಟೂರು_ರೇಡಿಯೋ:
ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಮಟ್ಟ, ಎಷ್ಟಕ್ಕೆ ಇಟ್ಟಿದ್ದೀರಿ? ಡಿಶ್ ಆಫ್‌ಸೆಟ್ಟಾ (ಎಲ್‌ಎನ್‌ಬಿ ನಡುವೆ ಇಲ್ಲದೆ ಒಂದು ಪಕ್ಕಕ್ಕಿರುವುದಾ)? ಅದರ ತೋಳು ಯಾವ ಕಡೆಗಿದೆ? "ಎಲ್ಲಾ ಸರಿ ಇದೆ" ಅಂದರೆ ನಾವು ಏನಂತ ಹೇಳೋಣ ಸಾರ್.

ಚಿಂತಾಮಣಿ_ಚುಕ್ಕಿ:
ಸಾರ್ ಅಲ್ಲ, ಮೇಡಂ. ಗೇನ್ ಆಟೋ. ಎಲ್ಲರೂ ಹಾಗೇ ತಾನೇ ಇಡೋದು? ಡಿಶ್ ಮಾಮೂಲಿ ಮನೆಯದು, 60 ಸೆಂಟಿಮೀಟರ್. ತಟ್ಟೆ ಮಟ್ಟಸವಾಗಿ ಮೇಲೆ ನೋಡುವ ಹಾಗೆ ಮಲಗಿಸಿ, ಅಲ್ಲಿಂದ ಆಚೆ ಈಚೆ ವಾಲಿಸುತ್ತಿದ್ದೇನೆ. ತೋಳು ಉತ್ತರಕ್ಕಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ತಿಪಟೂರು_ರೇಡಿಯೋ:
ಅಲ್ಲೇ ಇರೋದು ವಿಷಯ ಮೇಡಂ. ಆಟೋ ಗೇನ್ ಮಾಡುವ ಕೆಲಸವೇ ಏರಿದ್ದನ್ನು ಇಳಿಸಿ, ಇಳಿದದ್ದನ್ನು ಏರಿಸುವುದು. ಅದು ಆನ್ ಇರುವಾಗ ಗೋಡೆ, ಆಕಾಶ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಮೊದಲು ಅದನ್ನು ಆಫ್ ಮಾಡಿ, ಗೇನ್ ಒಂದು ಕಡೆ ನಿಲ್ಲಿಸಿ.

ಲೆಕ್ಕ ನೋಡಿ, ಗದ್ದಲವನ್ನೂ ಕೆಲ್ವಿನ್‌ನಲ್ಲೇ ಎಣಿಸೋದು. ಗೋಡೆ ಸುಮಾರು 300 ಕೆಲ್ವಿನ್. ಒಳ್ಳೆ ಎಲ್‌ಎನ್‌ಬಿಯದೇ ಗದ್ದಲ 60 ಅಂತ ಇಟ್ಟುಕೊಳ್ಳಿ. ನೆತ್ತಿಯ ಮೇಲಿನ ಆಕಾಶ, ಗಾಳಿ, ಅಕ್ಕಪಕ್ಕದಿಂದ ಸೋರಿದ್ದು ಎಲ್ಲಾ ಸೇರಿ 10. ಅಂದರೆ 360ಕ್ಕೆ 70. ಏಳು ಡಿಬಿ ಬರಬೇಕು. ಆ 70ರಲ್ಲಿ ನೀವು ಹುಡುಕುತ್ತಿರುವುದು 2.7 ಮಾತ್ರ. ಡಿಬಿಯಲ್ಲಿ ಹೇಳಿದರೆ 0.17. ಎಲ್‌ಎನ್‌ಬಿ ಬಿಸಿಲಿಗೆ ಕಾದರೆ ಅದಕ್ಕಿಂತ ಜಾಸ್ತಿ ಅಲ್ಲಾಡುತ್ತದೆ. ನಿಮ್ಮ ಮಧ್ಯಾಹ್ನ, ಸಂಜೆಯ ವ್ಯತ್ಯಾಸ ಅದೇ ಇರಬೇಕು.

ಇನ್ನೊಂದು. ದಿಕ್ಕು ಬದಲಿಸಿದಾಗ ಬದಲಾಗುವುದು ಏನೇ ಇರಲಿ, ಅದು ಹಿನ್ನೆಲೆ ವಿಕಿರಣ ಅಲ್ಲ. ಭೂಮಿ, ಸೂರ್ಯ, ನಾವೆಲ್ಲಾ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ಓಡುತ್ತಿರುವುದರಿಂದ ಒಂದು ಕಡೆ 3.4 ಮಿಲಿಕೆಲ್ವಿನ್ ಜಾಸ್ತಿ, ಎದುರು ಕಡೆ ಅಷ್ಟೇ ಕಡಿಮೆ. ಅದನ್ನು ಕಳೆದರೆ ಉಳಿಯುವ ಏರಿಳಿತ ಲಕ್ಷದಲ್ಲಿ ಒಂದು ಪಾಲು. ಅದನ್ನು ಹಿಡಿಯೋಕೆ ಕೋಬ್ ಉಪಗ್ರಹವೇ ಬೇಕಾಯಿತು, 1992ರಲ್ಲಿ.

ಕೋಲಾರ_ಹ್ಯಾಮ್:
ಗೇನ್ ಸರಿ ಗುರು, ಆದರೆ ಟವರ್ ಬಿಡಬೇಡಿ. ನಮ್ಮ ಕೆಜಿಎಫ್ ಸ್ನೇಹಿತರ ಮನೆಯಲ್ಲಿ ಇದೇ ಕಥೆ ಆಗಿತ್ತು.

ಬಿದನೂರು_ಅಲೆ:
ಹ್ಯಾಮ್ ಸಾರ್, ಟವರ್ ಪೂರ್ವಕ್ಕಿದೆ ಅಂತ ಅವರು ಆಗಲೇ ಹೇಳಿದರು.

ಮೇಡಂ, ದಕ್ಷಿಣದಲ್ಲಿ ಇರುವುದು ಟಿವಿ ಉಪಗ್ರಹಗಳು. ದಿಲ್ಲಿಯವರಿಗೆ ಆ ಸಾಲು ಕೆಳಗೆ ವಾಲಿರುತ್ತದೆ. ನಮ್ಮ ಜಿಲ್ಲೆಗೆ ಸುಮಾರು 74 ಡಿಗ್ರಿ ಎತ್ತರ. ನೆತ್ತಿಯಿಂದ ದಕ್ಷಿಣಕ್ಕೆ ಬರೀ 16 ಡಿಗ್ರಿ! ಮನೆ ಡಿಶ್ ಆಫ್‌ಸೆಟ್. ತಟ್ಟೆ ಮೇಲೆ ನೋಡುತ್ತಿದ್ದರೂ ಅದರ ನೋಟ ಇಪ್ಪತ್ತು ಚಿಲ್ಲರೆ ಡಿಗ್ರಿ ವಾಲಿರುತ್ತದೆ, ತೋಳಿನ ಎದುರು ಕಡೆಗೆ. ನಿಮ್ಮ ತೋಳು ಉತ್ತರಕ್ಕಿದೆ. ಅಂದರೆ ಮಟ್ಟಸವಾಗಿ ಇಟ್ಟಾಗಲೇ ಉಪಗ್ರಹಗಳ ಪಕ್ಕದಲ್ಲೇ ನೋಡುತ್ತಿದ್ದೀರಿ. ತೋಳನ್ನು ದಕ್ಷಿಣಕ್ಕೆ ತಿರುಗಿಸಿ, ನೋಟ ಉತ್ತರಕ್ಕೆ ಹೋಗುತ್ತದೆ.

ಸಿರಾ_ಸ್ಕೈ:
ಇಷ್ಟೆಲ್ಲಾ ಯಾಕೆ? ಗೌರಿಬಿದನೂರು ದೂರದರ್ಶಕಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಇದನ್ನೇ ಅಳೆಯೋದು.

ಬಿದನೂರು_ಅಲೆ:
ಇಲ್ಲ ಅಣ್ಣ. ಅಲ್ಲಿಯ ಟಿ ಆಕಾರದ ಆಂಟೆನಾ ಸಾಲು 34.5 ಮೆಗಾಹರ್ಟ್ಸ್‌ನದು. ಅಷ್ಟು ಕೆಳಗೆ ನಮ್ಮ ಗ್ಯಾಲಕ್ಸಿಯ ಗದ್ದಲವೇ ಸಾವಿರಾರು ಕೆಲ್ವಿನ್. ನೀವು ಸರಸ್ ಜೊತೆ ಕಲಸಿಕೊಂಡಿರಬೇಕು. 2020ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ 3 ಆಂಟೆನಾವನ್ನು ನಮ್ಮ ದಂಡಿಗಾನಹಳ್ಳಿ ಕೆರೆಯಲ್ಲಿ ತೇಲಿಬಿಟ್ಟಿದ್ದರು. ಶರಾವತಿ ಹಿನ್ನೀರಿನಲ್ಲೂ ಇಟ್ಟಿದ್ದರು. ನೆಲದಲ್ಲಿ ಕಲ್ಲು, ಮಣ್ಣು, ತೇವ ಒಂದೊಂದು ಕಡೆ ಒಂದೊಂದು ಥರ. ನೀರಾದರೆ ಕೆಳಗೆಲ್ಲಾ ಒಂದೇ ಸಮ. ಮೊದಲ ನಕ್ಷತ್ರಗಳು ಹಿನ್ನೆಲೆ ವಿಕಿರಣದ ಮೇಲೆ ಬಿಟ್ಟ ಗುರುತು ಸಿಕ್ಕಿತು ಅಂತ ಅಮೆರಿಕದ ಎಡ್ಜಸ್ ತಂಡ 2018ರಲ್ಲಿ ಹೇಳಿತ್ತು. ಇವರ ಅಳತೆಯಲ್ಲಿ ಅದು ಕಾಣಲಿಲ್ಲ. 2022ರಲ್ಲಿ ಅದನ್ನು ಪ್ರಕಟಿಸಿದರು.

ಸಿರಾ_ಸ್ಕೈ:
ಸರಿ ಬಿಡಿ. ಆದರೆ ಇಡೀ ಆಕಾಶ ಇಷ್ಟು ಸಮ ಯಾಕೆ ಅಂತ ಮಕ್ಕಳು ಕೇಳಿದರೆ ಏನು ಹೇಳ್ತೀರಿ? ಆ ಬೆಳಕು ಹೊರಟಾಗ ಬ್ರಹ್ಮಾಂಡಕ್ಕೆ 3 ಲಕ್ಷದ 80 ಸಾವಿರ ವರ್ಷ. ಈಗ ಎರಡು ಡಿಗ್ರಿಗಿಂತ ದೂರ ಕಾಣುವ ಜಾಗಗಳು ಅಷ್ಟರೊಳಗೆ ಒಂದಕ್ಕೊಂದು ಸುದ್ದಿ ಮುಟ್ಟಿಸಿರೋಕೇ ಸಾಧ್ಯವಿಲ್ಲ. ಆದರೂ ಒಂದೇ ಬಿಸಿ! ಶುರುವಿನಲ್ಲಿ ಒಮ್ಮೆಲೇ ಉಬ್ಬಿತು ಅನ್ನೋದು ಸುಮ್ನೆ ತೇಪೆ. ನನಗೆ ಮಹಾಸ್ಫೋಟವನ್ನೇ ಒಪ್ಪದ ವಿಜ್ಞಾನಿ ನಾರ್ಳೀಕರ್ ಅವರ ದಾರಿಯೇ ಇಷ್ಟ.

ತಿಪಟೂರು_ರೇಡಿಯೋ:
ಇಷ್ಟ ಬೇರೆ, ಅಳತೆ ಬೇರೆ. ಕೋಬ್ ತೆಗೆದ ರೋಹಿತ ಕಪ್ಪುಕಾಯದ (ಬರೀ ಬಿಸಿಯಿಂದ ಹೊಮ್ಮುವ ವಿಕಿರಣದ) ಗೆರೆಗೆ ಕೂದಲೆಳೆ ತಪ್ಪದೆ ಕೂತಿತು. ಬೇಕಾದರೆ ಅದಕ್ಕೆ ಬೇರೆ ಚರ್ಚೆ ತೆಗೆಯಿರಿ, ಇಲ್ಲಿ ಡಿಶ್ ವಿಷಯ.

ಚಿಂತಾಮಣಿ_ಚುಕ್ಕಿ:
ಗೇನ್ ನಿಲ್ಲಿಸಿ, ತೋಳು ತಿರುಗಿಸಿ, ಕತ್ತಲಾದ ಮೇಲೆ ನೋಡಿದೆ. ಗೋಡೆಗೂ ಆಕಾಶಕ್ಕೂ ಆರು ಡಿಬಿ ಬಂತು! ಉತ್ತರದಲ್ಲಿ ಮೇಲಿನಿಂದ ಕೆಳಗೆ ಇಳಿಸಿದರೆ ಮಾತ್ರ ಸ್ವಲ್ಪ ಸ್ವಲ್ಪ ಏರುತ್ತದೆ. ಇದು ಯಾವ ಉಪಗ್ರಹ?

ತಿಪಟೂರು_ರೇಡಿಯೋ:
ಅದು ಗಾಳಿ. ನೆತ್ತಿಯ ಮೇಲೆ ಒಂದು ಪದರ ಅಂದುಕೊಂಡರೆ 30 ಡಿಗ್ರಿ ಎತ್ತರದಲ್ಲಿ ಎರಡು ಪದರ ದಾಟಿ ನೋಡುತ್ತೀರಿ. ನಾಲ್ಕೈದು ಎತ್ತರದಲ್ಲಿ ಅಳೆದು, ಪದರಕ್ಕೆ ಎದುರಾಗಿ ಗ್ರಾಫ್ ಹಾಕಿ, ಗೆರೆಯನ್ನು ಸೊನ್ನೆ ಪದರದವರೆಗೆ ಎಳೆಯಿರಿ. ಉಳಿಯುವುದು ಎಲ್‌ಎನ್‌ಬಿ, ಸೋರಿಕೆ, ಹಿನ್ನೆಲೆ ವಿಕಿರಣ. ಇವನ್ನು ಬೇರೆ ಮಾಡೋಕೆ, ಹೋಲಿಸಿ ನೋಡಲು, ಉಷ್ಣತೆ ಗೊತ್ತಿರುವ ಒಂದು ತಣ್ಣನೆ ವಸ್ತು ಬೇಕು. ಈ ವಿಕಿರಣ ಕಂಡುಹಿಡಿದ ಪೆಂಜಿಯಾಸ್, ವಿಲ್ಸನ್ ದ್ರವ ಹೀಲಿಯಂ ಇಟ್ಟುಕೊಂಡಿದ್ದರು. ಅದಕ್ಕೇ 4080 ಮೆಗಾಹರ್ಟ್ಸ್‌ನಲ್ಲಿ 3.5 ಕೆಲ್ವಿನ್ ಹೆಚ್ಚುವರಿ ಅಂತ ಅವರು 1965ರಲ್ಲಿ ಧೈರ್ಯವಾಗಿ ಬರೆದರು.

ಚಿಂತಾಮಣಿ_ಚುಕ್ಕಿ:
ಚಿಂತಾಮಣಿಯಲ್ಲಿ ಹೀಲಿಯಂ ಎಲ್ಲಿಂದ ತರಲಿ?

ಬಿದನೂರು_ಅಲೆ:
ದ್ರವ ನೈಟ್ರೋಜನ್ ಸಾಕು, 77 ಕೆಲ್ವಿನ್. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರ ಕ್ಯಾನಿನಲ್ಲಿ ಇರುವುದು ಅದೇ. ಪಶು ಡಾಕ್ಟರನ್ನು ಕೇಳಿ. ಅಲೆ ಹೀರುವ ಕಪ್ಪು ಫೋಮ್ ಅದರಲ್ಲಿ ನೆನೆಸಿ ಎಲ್‌ಎನ್‌ಬಿ ಮುಂದೆ ಹಿಡಿಯಿರಿ.

ಕೋಲಾರ_ಹ್ಯಾಮ್:
ಮಕ್ಕಳ ಮುಂದೆ ಅದೆಲ್ಲಾ ಬೇಡ ಅಪ್ಪಾ. ಕೈಗೆ ಬಿದ್ದರೆ ಸುಟ್ಟ ಹಾಗೆ ಆಗುತ್ತದೆ.

ಬಿದನೂರು_ಅಲೆ:
ಬಯಲಲ್ಲಿ ಮಾಡಲಿ, ಗ್ಲೌಸ್ ಹಾಕಲಿ, ಮುಚ್ಚಳ ಬಿಗಿ ಮಾಡದಿರಲಿ. ದೊಡ್ಡವರು ಹಿಡಿದರೆ ಆಯಿತು. ಆದರೆ ಒಂದು ಮಾತು ಮೇಡಂ, ಇಷ್ಟು ಮಾಡಿದರೂ ಈ ಎಲ್‌ಎನ್‌ಬಿಯಲ್ಲಿ ಎರಡು ಮೂರು ಕೆಲ್ವಿನ್ ಆಚೀಚೆ ಆಗೇ ಆಗುತ್ತದೆ. 2.7 ಅಂತ ಬೋರ್ಡ್ ಮೇಲೆ ಬರೆಯೋಕೆ ಹೋಗಬೇಡಿ. ಒಂದೇ ಎತ್ತರ ಇಟ್ಟುಕೊಂಡು ವಾಯವ್ಯದಿಂದ ಈಶಾನ್ಯಕ್ಕೆ ತಿರುಗಿಸಿ, ಮುಳ್ಳು ಅಲ್ಲಾಡದೆ ಇರುವುದನ್ನು ತೋರಿಸಿ.

ಸಿರಾ_ಸ್ಕೈ:
60 ಸೆಂಟಿಮೀಟರಲ್ಲಿ ಏನು ಆಟ. ನಮ್ಮ ತೋಟದಲ್ಲಿ ಎಂಟು ಅಡಿಯ ಸಿ ಬ್ಯಾಂಡ್ ಜಾಲರಿ ಡಿಶ್ ಇದೆ. ಅದರಲ್ಲಿ 1420 ಮೆಗಾಹರ್ಟ್ಸ್‌ನ ಹೈಡ್ರೋಜನ್ ಗೆರೆ ಹಿಡಿದಿದ್ದೇನೆ. ಆಕಾಶಗಂಗೆ ನೆತ್ತಿಗೆ ಬಂದಾಗ ಗುಡ್ಡದ ಥರ ಎದ್ದು ನಿಲ್ಲುತ್ತದೆ.

ಕೋಲಾರ_ಹ್ಯಾಮ್:
ಫೀಡ್ (ಡಿಶ್ ಮುಂದೆ ಅಲೆ ಹಿಡಿಯುವ ಭಾಗ) ಯಾವುದು? ಡಬ್ಬದಲ್ಲಿ ಮಾಡಿದ್ದಾ? ಫಿಲ್ಟರ್ ಹಾಕಿದ್ದೀರಾ? ಅಂಥ ಜಾಲರಿ ಡಿಶ್ ಇನ್ನೊಂದು ಆ ಕಡೆ ಸಿಕ್ಕರೆ ಹೇಳಿ, ಟೆಂಪೋ ಬಾಡಿಗೆ ನಾನೇ ಕೊಡುತ್ತೇನೆ.

ಸಿರಾ_ಸ್ಕೈ:
ಡಬ್ಬದ್ದೇ. ಡಿಶ್ ಒಂದು ಮಧುಗಿರಿ ಗುಜರಿಯಲ್ಲಿದೆ, ಜಾಲರಿ ಒಂದು ಕಡೆ ಹರಿದಿದೆ. ಮೆಸೇಜ್ ಮಾಡಿ.